ಯಾರೂ ಓದದ ಮೊದಲ ಪ್ಯಾರಾ

ಏನು ಓದಿದ್ದು ಎಂದು ಯಾರಾದರೂ ಕೇಳಿದರೆ ನಾನು ಈಗ "ಗಣಿತ" ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಳ್ಳುತ್ತೇನೆ. ಮೊದಲು ಹಾಗಿರಲಿಲ್ಲ. ಕೇಳಿದವರ ಗ್ರಹಚಾರ ಎನ್ನುವಷ್ಟು ವಿವರಿಸುತ್ತಿದ್ದೆ. ಮದುವೆ ಊಟದ ಪಂಕ್ತಿಯಲ್ಲಿ ಕೂತವರಿಗೂ, ಚಪ್ಪಟೆ ಹಾಳೆಯಂತಿದ್ದ ಜೀವಕೋಶಗಳ ಸಾಲು ಬಾಗಿ ಮಡಚಿ ಕೊಳವೆಯಾಗುವುದು ಹೇಗೆ, ಅದನ್ನು ಸಮೀಕರಣದಲ್ಲಿ ಬರೆಯುವುದು ಹೇಗೆ ಎಂದು ಬಾಳೆಲೆಯ ತುದಿ ಮಡಚಿ ತೋರಿಸುತ್ತಿದ್ದೆ. ಅಮ್ಮ ಎದುರು ಸಾಲಿನಿಂದಲೇ ಕಣ್ಣು ದೊಡ್ಡದು ಮಾಡುತ್ತಿದ್ದಳು. "ಪಾಯಸ ಬಂತು, ಅವರನ್ನು ಊಟ ಮಾಡ್ಲಿಕ್ಕೆ ಬಿಡು" ಎನ್ನುತ್ತಿದ್ದಳು.

ನಮ್ಮ ಮನೆ ಜೆಪ್ಪುವಿನಲ್ಲಿ. ಅಪ್ಪ ತೀರಿಕೊಂಡ ಮೇಲೆ ಮನೆಯಲ್ಲಿ ಅಮ್ಮ ಮತ್ತು ನಾನು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಮದುವೆಯಾಗಿ ಸೇತುವೆಯ ಆಚೆ, ತೊಕ್ಕೊಟ್ಟಿನಲ್ಲಿ ಅತ್ತೆಯ ಜೊತೆ ಇದ್ದಳು. ಭಾವ ಮಸ್ಕತ್‌ನಲ್ಲಿ. ಅಕ್ಕ ಜಂಕ್ಷನ್ನಿನ ಹತ್ತಿರ ಒಂದು ಕೋಣೆ ಹಿಡಿದು ರವಿಕೆ, ಚೂಡಿದಾರ ಹೊಲಿಯುತ್ತಿದ್ದಳು. ನಾವು ಆಡುವುದು ತುಳು. ಇಲ್ಲಿ ಆ ಮಾತುಗಳನ್ನು ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅದರಲ್ಲಿ ಅಕ್ಕನ ಬಾಯಿಯ ಖಾರ ಅರ್ಧ ಹೋಗಿರುತ್ತದೆ.

ಇಡೀ ಸಂಸಾರದಲ್ಲಿ ನನ್ನ ಕೆಲಸ ಅರ್ಥವಾದದ್ದು ಅವಳೊಬ್ಬಳಿಗೆ. ಒಂದು ಶನಿವಾರ ಅವಳ ಅಂಗಡಿಯಲ್ಲಿ ಕೂತು ಹೇಳಿದೆ. ಕೋಶಗಳ ಹಾಳೆಯಲ್ಲಿ ಕೆಲವು ಕೋಶಗಳು ತಮ್ಮ ಮೇಲ್ತುದಿಯನ್ನು ಲಾಡಿ ಎಳೆದ ಹಾಗೆ ಬಿಗಿ ಮಾಡಿಕೊಳ್ಳುತ್ತವೆ. ಮೇಲೆ ಕಿರಿದು, ಕೆಳಗೆ ಅಗಲ. ಹೀಗೆ ಸಾಲಾಗಿ ನಾಲ್ಕು ಕೋಶ ಮಾಡಿದರೆ ಹಾಳೆ ಬಾಗಲೇಬೇಕು. ಬಾಗಿದ ಎರಡು ಅಂಚುಗಳು ಎದ್ದು ಬಂದು ಕೂಡಿಕೊಂಡರೆ ಕೊಳವೆ.

ಅಕ್ಕ ಮೆಷಿನ್ ನಿಲ್ಲಿಸಿ ನನ್ನನ್ನು ನೋಡಿದಳು. "ಇದಕ್ಕೆ ಇಷ್ಟು ವರ್ಷ ಓದಿದ್ದಾ ಮಾರಾಯ್ತಿ? ಇದು ಟಕ್ಸ್ ಹಿಡಿಯುವುದು." ಕತ್ತರಿಸಿ ಬಿಸಾಡಿದ್ದ ಒಂದು ತುಂಡು ತೆಗೆದು ಮೂಲೆಯಲ್ಲಿ ಬೆಣೆಯಂತೆ ಚಿವುಟಿ ಪಿನ್ನು ಹಾಕಿದಳು. ಬಟ್ಟೆ ಅಲ್ಲೇ ಉಬ್ಬಿ ಎದ್ದಿತು. "ಚಪ್ಪಟೆ ಬಟ್ಟೆ ಮೈಗೆ ಕೂರುವುದು ಮತ್ತೆ ಹೇಗೆ?"

"ಎಲ್ಲಿ ಹಿಡಿಯಬೇಕು, ಎಷ್ಟು, ಯಾವ ಹೊತ್ತಿಗೆ. ಅದೇ ನನ್ನ ಲೆಕ್ಕ" ಎಂದೆ. ಕೊನೆಗೆ ಬೇಕಾದ ಆಕಾರವನ್ನು ಮೊದಲೇ ಇಟ್ಟುಕೊಂಡು, ಆದಷ್ಟು ಕಡಿಮೆ ಒತ್ತಡ ಹಾಕಿ ಅಲ್ಲಿಗೆ ತಲುಪಿಸುವ ದಾರಿ ಹುಡುಕುವುದು. ನಮ್ಮಲ್ಲಿ ಅದಕ್ಕೆ ಅತ್ಯುತ್ತಮ ನಿಯಂತ್ರಣ ಎಂದು ಹೆಸರು. ಲೆಕ್ಕ ಹೋಗುವುದು ಕೊನೆಯಿಂದ ಹಿಂದಕ್ಕೆ.

"ಅಳತೆ ತೆಗೆದು ಆಮೇಲೆ ಕತ್ತರಿ ಹಾಕುವುದು. ಅದಕ್ಕೊಂದು ದೊಡ್ಡ ಹೆಸರು" ಎಂದು ಅಕ್ಕ ಮತ್ತೆ ಮೆಷಿನ್ ತುಳಿದಳು. ಎಂಥೆಂಥ ಸಮ್ಮೇಳನಗಳಲ್ಲಿ ಚಪ್ಪಾಳೆ ತಟ್ಟಿಸಿಕೊಂಡಿದ್ದೇನೆ, ಆದರೆ ಆ ದಿನ ಬಸ್ಸಿನಲ್ಲಿ ಮನೆಗೆ ಬರುವಾಗ ಇದ್ದ ಖುಷಿ ಬೇರೆ.

ಇನ್ನು ಆ ಪ್ಯಾರಾದ ವಿಷಯ. ಹೇಳಲು ನಾಚಿಕೆಯಾಗುತ್ತದೆ, ಹೇಳದೆ ಗತಿಯಿಲ್ಲ.

ನಮ್ಮ ಕಸುಬಿನಲ್ಲಿ ಪ್ರತಿ ಪ್ರಬಂಧಕ್ಕೂ ಒಂದು ಮೊದಲ ಪ್ಯಾರಾ ಇರುತ್ತದೆ. ಈ ಲೆಕ್ಕದಿಂದ ಲೋಕಕ್ಕೆ ಏನು ಉಪಕಾರ ಎಂದು ಅದರಲ್ಲಿ ಬರೆಯಬೇಕು. ಆಮೇಲೆ ಸಮೀಕರಣ ಶುರುವಾದರೆ ಲೋಕದ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲ. ನನ್ನ ಪಿಎಚ್‌ಡಿಗೆ ಮಾರ್ಗದರ್ಶನ ಮಾಡುತ್ತಿದ್ದ ಸರ್ ಮೊದಲ ವರ್ಷವೇ ಹೇಳಿಕೊಟ್ಟಿದ್ದರು: "ಅದನ್ನು ಯಾರೂ ಓದುವುದಿಲ್ಲ. ಬಾಗಿಲಿಗೆ ತೋರಣ ಕಟ್ಟಿದ ಹಾಗೆ. ಕಟ್ಟಿ ಒಳಗೆ ಹೋಗು."

ನಾನು ಕಟ್ಟಿದ ತೋರಣ ಇದು: ಗರ್ಭ ನಿಂತ ಮೊದಲ ನಾಲ್ಕು ವಾರಗಳೊಳಗೆ, ಎಷ್ಟೋ ಸಲ ತಾಯಿಗೇ ಗೊತ್ತಾಗುವ ಮೊದಲು, ಬೆನ್ನುಹುರಿಯಾಗಬೇಕಾದ ಕೋಶಗಳ ಹಾಳೆ ಕೊಳವೆಯಾಗಿ ಮುಚ್ಚಿಕೊಳ್ಳಬೇಕು, ಮುಚ್ಚದಿದ್ದರೆ ಮಗುವಿನ ಬೆನ್ನು ತೆರೆದೇ ಉಳಿಯುತ್ತದೆ, ಗರ್ಭ ನಿಲ್ಲುವ ಮೊದಲಿನಿಂದಲೇ ತಾಯಿ ಫೋಲಿಕ್ ಆಸಿಡ್ ಮಾತ್ರೆ ತೆಗೆದುಕೊಂಡರೆ ಈ ಅಪಾಯ ಬಹಳ ಕಡಿಮೆಯಾಗುತ್ತದೆ.

ಈ ವಾಕ್ಯ ನನ್ನದಲ್ಲ. ಯಾರೋ ಬರೆದದ್ದನ್ನು ಇನ್ಯಾರೋ ಎತ್ತಿಕೊಂಡಿದ್ದರು, ಅವರಿಂದ ನಾನು ಎತ್ತಿಕೊಂಡೆ. ನಕಲು ಹಿಡಿಯುವ ಸಾಫ್ಟ್‌ವೇರ್ ಅದನ್ನು ಕೆಂಪು ಮಾಡಿ ತೋರಿಸಿತು. ನಾನು ಕೂತು ಆರು ಸಲ ತಿದ್ದಿದೆ. "ಬಹಳ" ತೆಗೆದು "ಗಣನೀಯವಾಗಿ" ಹಾಕಿದೆ. ವಾಕ್ಯದ ಬಾಲವನ್ನು ತಲೆಗೆ ತಂದೆ. ಮಾತ್ರೆಯ ಹೆಸರನ್ನು ಹಿಂದೆ ಮುಂದೆ ಮಾಡಿದೆ. ಕೊನೆಗೆ ಕೆಂಪು ಹೋಯಿತು. ಕಾಫಿ ಕುಡಿದು ಬಂದೆ. ಆರು ಸಲ ತಿದ್ದಿದ ವಾಕ್ಯವನ್ನು ಒಂದು ಸಲವೂ ಓದಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ನಮ್ಮಂಥವರು ನಂಬುತ್ತಾರೆ, ಅವರೂ ಹಾಗೆಯೇ ಮಾಡಿರುತ್ತಾರೆ.

ಅದೇ ವರ್ಷ ನಮ್ಮ ಮನೆಯಲ್ಲಿ ಅಕ್ಕನಿಗೆ ಮಗುವಾಗಲಿ ಎಂದು ಇದ್ದಬದ್ದ ದೇವರಿಗೆಲ್ಲ ಹರಕೆ ಹೋಗುತ್ತಿತ್ತು. ಅಮ್ಮ ಕೊರಗಜ್ಜನ ಕಟ್ಟೆಗೆ ಚಕ್ಕುಲಿ, ವೀಳ್ಯ ಹೇಳಿಕೊಂಡಿದ್ದಳು. ಭಾವ ರಜೆಯಲ್ಲಿ ಬರುವ ದಿನ ನಿಶ್ಚಯವಾಗಿತ್ತು. ಅಕ್ಕ ನನ್ನೆದುರಿಗೇ ಕೂತು ಕ್ಯಾಲೆಂಡರ್ ನೋಡುತ್ತಿದ್ದಳು, ನಾನು ಅವಳನ್ನು ಚುಡಾಯಿಸುತ್ತಿದ್ದೆ. ದೀಪದ ಬುಡ ಕತ್ತಲೆ ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಭಾವ ಬಂದರು, ಎರಡು ತಿಂಗಳು ಇದ್ದು ಹೋದರು. ಅಕ್ಕ ಬಸುರಿ ಎಂದು ನಮಗೆ ಗೊತ್ತಾದದ್ದು ನಾಲ್ಕನೇ ತಿಂಗಳಲ್ಲಿ. ಮೂರು ತಿಂಗಳು ತುಂಬುವವರೆಗೆ ತವರಿಗೂ ಬಾಯಿ ಬಿಡಬಾರದೆಂದು ಅವಳ ಅತ್ತೆಯ ಕಟ್ಟಪ್ಪಣೆ, ಕಣ್ಣು ಬೀಳುತ್ತದೆ ಎಂದು. ನನಗೆ ಸಿಟ್ಟು ಬಂದದ್ದು ಅಷ್ಟಿಷ್ಟಲ್ಲ. ನನಗೆ ಸಿಟ್ಟು ಬೇಗ ಬರುತ್ತದೆ, ಬರಬೇಕಾದ ಕಡೆ ಮಾತ್ರ ಬರುವುದಿಲ್ಲ.

"ನನಗೂ ಹೇಳ್ಲಿಕ್ಕೆ ಆಗ್ಲಿಲ್ವಾ ನಿನಗೆ? ನಾನೆಂತ ಊರಿಗೆ ಮೈಕ್ ಕಟ್ತೇನಾ?" ಎಂದು ಫೋನಿನಲ್ಲೇ ಕೂಗಾಡಿದೆ.

"ನಿನಗೆ ಹೇಳಿದ್ರೆ ಎಂತ ಮಾಡ್ತಿದ್ದೆ? ಒಳಗೆ ಕೂತು ಟಕ್ಸ್ ಹಿಡೀತಿದ್ದೆಯಾ?" ಎಂದು ಅಕ್ಕ ನಕ್ಕಳು. ನಾನೂ ನಕ್ಕೆ. ದೇವರೇ, ನಾವಿಬ್ಬರೂ ಎಷ್ಟು ಹೊತ್ತು ನಕ್ಕೆವು.

ಐದನೇ ತಿಂಗಳ ಸ್ಕ್ಯಾನಿಗೆ ಅಕ್ಕ ಅತ್ತೆಯನ್ನು ಬಿಟ್ಟು ನನ್ನನ್ನು ಕರೆದುಕೊಂಡು ಹೋದಳು. ಬಿಜೈಯ ಬಸ್‌ಸ್ಟ್ಯಾಂಡಿನ ಹತ್ತಿರದ ಒಂದು ಸ್ಕ್ಯಾನಿಂಗ್ ಸೆಂಟರ್. "ನೀನು ಅದನ್ನೇ ಓದಿದವಳು, ಟಿವಿಯಲ್ಲಿ ಎಂತ ಕಾಣ್ತದೆ ಅಂತ ನನಗೆ ಹೇಳು" ಎಂದಿದ್ದಳು. ಡಾಕ್ಟರಮ್ಮ ಮೊದಲು ಮಾತಾಡುತ್ತಾ ಇದ್ದರು. ಇದು ತಲೆ, ಇದು ಕೈ, ನೋಡಿ ಹೇಗೆ ಆಡಿಸ್ತಾ ಉಂಟು ಎಂದರು. ಆಮೇಲೆ ಅವರ ಕೈ ಒಂದು ಕಡೆ ನಿಂತಿತು, ಮಾತೂ ನಿಂತಿತು. ಅದೇ ಜಾಗಕ್ಕೆ ಮತ್ತೆ ಮತ್ತೆ ಬಂದರು. ಅಕ್ಕ ನನ್ನ ಮುಖ ನೋಡುತ್ತಿದ್ದಳು. ನನಗೆ ಪರದೆಯ ಮೇಲೆ ಬೂದು ಬಣ್ಣದ ಚುಕ್ಕೆಗಳ ಹೊರತು ಏನೂ ತಿಳಿಯಲಿಲ್ಲ. ನಾನು ನೋಡಿದ್ದು ಬರೀ ಗೆರೆಗಳ ಚಿತ್ರ, ನಿಜವಾದದ್ದನ್ನು ಅಲ್ಲಿಯವರೆಗೆ ನೋಡಿರಲೇ ಇಲ್ಲ.

ಆಮೇಲೆ ಮೇಜಿನ ಎದುರು ಕೂರಿಸಿ ಡಾಕ್ಟರಮ್ಮ ಕಾಗದದ ಮೇಲೆ ಎರಡು ಗೆರೆ ಎಳೆದರು. ಕೆಳಗಿನ ತುದಿಯಲ್ಲಿ ಎರಡೂ ಗೆರೆಗಳನ್ನು ಹೊರಕ್ಕೆ ತಿರುಗಿಸಿದರು. "ಇಲ್ಲಿ ಮುಚ್ಚಲಿಲ್ಲ. ಬೆನ್ನಿನ ಕೆಳಗೆ." ನನ್ನ ಪ್ರಬಂಧದ ಒಂದನೇ ಚಿತ್ರವೂ ಅದೇ. ಅವರು ಇನ್ನೂ ಪೆನ್ನು ಎತ್ತುವ ಮೊದಲೇ ನಾನು ಅದರ ಗುರುತು ಹಿಡಿದೆ.

"ಮಾತ್ರೆ ಯಾವಾಗ ಶುರು ಮಾಡಿದ್ರಿ?" ಎಂದು ಕೇಳಿದರು.

"ಎರಡು ತಿಂಗಳು ಕಳೆದ ಮೇಲೆ. ಡಾಕ್ಟ್ರ ಹತ್ತಿರ ಹೋದದ್ದೇ ಆಗ" ಎಂದಳು ಅಕ್ಕ.

"ಮೊದಲೇ ತಗೊಂಡಿದ್ರೆ ಒಳ್ಳೇದಿತ್ತು. ಆದ್ರೆ ತಗೊಂಡವರಿಗೂ ಕೆಲವೊಮ್ಮೆ ಆಗ್ತದಮ್ಮ. ಅದನ್ನೇ ಹಿಡ್ಕೊಂಡು ಕೂರ್ಬೇಡಿ."

ಅಕ್ಕ ಒಂದೇ ಪ್ರಶ್ನೆ ಕೇಳಿದಳು. "ಮಗು ನಡೀತದಾ?"

"ಹುಟ್ಟಿದ ಮೇಲೆಯೇ ಹೇಳ್ಲಿಕ್ಕಾಗುವುದು. ನಡೆಯಬಹುದು, ನಡೆಯದೆಯೂ ಇರಬಹುದು. ಮುಂದುವರಿಸುವುದಾ ಬೇಡವಾ ಅಂತ ನೀವು ಮನೆಯವರು ಮಾತಾಡಿ. ತುಂಬ ದಿನ ಇಲ್ಲ."

ಹೊರಗೆ ರಿಕ್ಷಾದಲ್ಲಿ ಕೂತ ಮೇಲೆ ಅಕ್ಕ ನನ್ನ ಕೈ ಹಿಡಿದಳು. "ಸದ್ಯ, ನೀನು ಇದನ್ನೇ ಓದಿದ್ದೀಯಲ್ಲ. ಇಲ್ಲದಿದ್ರೆ ನಾನು ಯಾರ ಹತ್ತಿರ ಕೇಳ್ಬೇಕಿತ್ತು?" ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ರಿಕ್ಷಾದವನಿಗೆ ದಾರಿ ಹೇಳುತ್ತಾ ಕೂತೆ, ಅವನಿಗೆ ದಾರಿ ಗೊತ್ತಿತ್ತು.

ಅಲ್ಲಿಂದ ಎಲ್ಲರೂ ನನ್ನನ್ನೇ ಕೇಳಲು ಶುರು ಮಾಡಿದರು. ಭಾವ ಮಸ್ಕತ್‌ನಿಂದ ವಾಟ್ಸಾಪಿನಲ್ಲಿ, "ನೀನು ಹೇಳಿದ ಹಾಗೆ ಮಾಡುವ" ಎಂದರು. ಅಕ್ಕನ ಅತ್ತೆ, ಜನ್ಮದಲ್ಲಿ ನನ್ನ ಜೊತೆ ನೆಟ್ಟಗೆ ಮಾತಾಡದವರು, "ನಿನ್ನ ಸಮೀಕರಣದಲ್ಲಿ ಇದಕ್ಕೆ ಮದ್ದು ಉಂಟಾ ಮಗಾ?" ಎಂದು ಕಣ್ಣೀರು ಹಾಕಿದರು. ಅಮ್ಮ ನನ್ನ ತಟ್ಟೆಗೆ ಅನ್ನ ಜಾಸ್ತಿ ಬಡಿಸಿದಳು. ಮಗುವನ್ನು ಉಳಿಸಿಕೋ, ಬೇಡ, ಎರಡರಲ್ಲಿ ಒಂದನ್ನು ಹೇಳಲು ನನ್ನ ನಾಲಿಗೆ ಏಳಲಿಲ್ಲ. ತೀರ್ಮಾನ ಮಾಡಿದವಳು ಅಕ್ಕನೇ.

"ಒದೀತಾ ಉಂಟು ಮಾರಾಯ್ತಿ" ಎಂದು ನನ್ನ ಕೈಯನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಳು. "ಇಷ್ಟು ಒದೆಯುವ ಮಗು ನಡೆಯದೆ ಇರ್ತದಾ?"

ಹೊಟ್ಟೆಯೊಳಗಿನ ಒದೆತವನ್ನು ನಂಬುವ ಹಾಗಿಲ್ಲ ಎಂದು ಡಾಕ್ಟರಮ್ಮ ಹೇಳಿದ್ದರು. ನನ್ನ ಅಂಗೈಗೆ ಒಂದು ಒದೆತ ಬಿತ್ತು. "ನೋಡುವ" ಎಂದೆ. ನಮ್ಮೂರಿನಲ್ಲಿ ಕೈಲಾಗದವರೆಲ್ಲ ಹೇಳುವ ಮಾತು ಅದೊಂದೇ.

ಆದರೂ ಮರುದಿನ ಕಾಲೇಜಿಗೆ ಹೋಗಿ ನಾನು ಒಂದು ಹುಚ್ಚು ಕೆಲಸ ಮಾಡಿದೆ. ಮುಚ್ಚದೆ ಉಳಿದ ಹಾಳೆಯನ್ನು ನನ್ನ ಮಾದರಿಯಲ್ಲಿ ಇಟ್ಟೆ. ಸಮಯ ಐದನೇ ತಿಂಗಳು ಎಂದು ಕೊಟ್ಟೆ. ಕೋಶಗಳೆಲ್ಲ ಬಲಿತು ಗಟ್ಟಿಯಾಗಿವೆ, ಈಗ ಎಲ್ಲಿ ಎಷ್ಟು ಒತ್ತಿದರೆ ಅಂಚುಗಳು ಕೂಡುತ್ತವೆ ಹೇಳು ಎಂದು ಕಂಪ್ಯೂಟರನ್ನು ಕೇಳಿದೆ. ಉತ್ತರ ಬಂತು. ಸೊನ್ನೆ. ಎಲ್ಲ ಕೋಶಕ್ಕೂ, ಎಲ್ಲ ಹೊತ್ತಿಗೂ ಸೊನ್ನೆ. ಏನು ಒತ್ತಿದರೂ ಫಲವಿಲ್ಲ, ಒತ್ತಿದಷ್ಟೂ ಶ್ರಮಕ್ಕೆ ಲೆಕ್ಕದಲ್ಲಿ ದಂಡ ಬೀಳುತ್ತದೆ, ಆದ್ದರಿಂದ ಸುಮ್ಮನಿರುವುದೇ ಅತ್ಯುತ್ತಮ ಎಂದು ಅದರ ಅರ್ಥ. ನಾನು ಅಂಕಿಗಳನ್ನು ಬದಲಿಸಿದೆ. ಶ್ರಮಕ್ಕೆ ದಂಡವೇ ಬೇಡ, ಎಷ್ಟು ಬೇಕಾದರೂ ಒತ್ತು ಎಂದೆ. ಆಗ ಹಾಳೆ ಹರಿದುಹೋಯಿತು.

ಸರ್ ಹಿಂದಿನಿಂದ ಬಂದು ಪರದೆ ನೋಡಿದರು. "ಭೇಷ್! ಕಾಲ ಮೀರಿದ ಮೇಲೆ ನಿಯಂತ್ರಣ ಸೊನ್ನೆ. ಚೆಂದ ಬಂದಿದೆ. ಇದನ್ನೊಂದು ಪ್ರಮೇಯ ಮಾಡಿ ಹಾಕು."

"ಸರ್, ಅದು ನನ್ನ ಅಕ್ಕನ ಮಗು" ಎಂದು ಕಿರುಚಿದೆ. ಪಕ್ಕದ ಕೋಣೆಯವರು ಬಾಗಿಲಿಗೆ ಬಂದರು. ಸರ್ ಕುರ್ಚಿ ಎಳೆದು ಕೂತರು. ತಮ್ಮ ಫ್ಲಾಸ್ಕಿನಿಂದ ನನಗೆ ಚಹಾ ಬಗ್ಗಿಸಿ ಕೊಟ್ಟರು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಲು ಕೂತವಳಿಗೆ ಪಾಪ ಅವರಾದರೂ ಏನು ಹೇಳಿಯಾರು? ಇಬ್ಬರೂ ಚಹಾ ಕುಡಿದೆವು.

ಏಳನೇ ತಿಂಗಳಿಗೆ ಬಯಕೆಯ ಸೀಮಂತ ಮಾಡಿ ಅಕ್ಕನನ್ನು ಜೆಪ್ಪುವಿಗೆ ಕರೆತಂದೆವು. ಸದ್ದಿಲ್ಲದೆ ಮುಗಿಸೋಣ ಎಂದು ಅಮ್ಮನ ಮನಸ್ಸು, ಅಕ್ಕ ಒಪ್ಪಲಿಲ್ಲ. ಹಸಿರು ಸೀರೆಯ ರವಿಕೆಯನ್ನು ತಾನೇ ಹೊಲಿದುಕೊಂಡಳು. ಬಂದ ಹೆಂಗಸರು ನನ್ನ ಕಡೆ ಕೈ ತೋರಿಸಿ, "ಮನೆಯಲ್ಲೇ ಡಾಕ್ಟ್ರು ಇದ್ದಾಳೆ, ನಿನಗೆಂತ ಹೆದರಿಕೆ?" ಎನ್ನುತ್ತಿದ್ದರು. ನಾನು ಅಡುಗೆಮನೆಯಲ್ಲಿ ನಿಂತು ಲೋಟ ತೊಳೆದೆ. ತೊಳೆದದ್ದನ್ನೇ ಮತ್ತೆ ತೊಳೆದೆ.

ಒಂದು ಮಧ್ಯಾಹ್ನ ಅಕ್ಕ, "ನಿನ್ನ ಪೇಪರ್ ತಾ. ನನ್ನ ಮಗುವಿನ ಕತೆ ಅದರಲ್ಲಿ ಉಂಟಲ್ಲ, ಓದಿ ಹೇಳು" ಎಂದಳು. ಇಂಗ್ಲಿಷಿನಲ್ಲಿ ಓದಿ ತುಳುವಿನಲ್ಲಿ ಹೇಳುತ್ತಾ ಹೋದೆ. ಹಾಳೆ, ಅಂಚು, ಕೊಳವೆ. ಮೊದಲ ನಾಲ್ಕು ವಾರ ಎಂಬಲ್ಲಿಗೆ ಬಂತು, ಬೆನ್ನು ತೆರೆದು ಉಳಿಯುತ್ತದೆ ಎಂಬಲ್ಲಿಗೂ ಬಂತು. ಮಾತ್ರೆಯ ಮಾತು ಬಂದಾಗ ಪುಟ ತಿರುಗಿಸಿಬಿಟ್ಟೆ. ಅಕ್ಕ ಹೊಟ್ಟೆ ನೀವಿಕೊಳ್ಳುತ್ತಾ, "ಎಷ್ಟು ಚೆಂದ ಬರ್ದಿದ್ದೀ" ಎಂದಳು. ಅದಕ್ಕಿಂತ ದೊಡ್ಡ ಹೇಡಿತನವನ್ನು ನಾನು ಮಾಡಿದ್ದು ನೆನಪಿಲ್ಲ.

ಹೆಣ್ಣು ಮಗು ಹುಟ್ಟಿತು, ಸಿಸೇರಿಯನ್ನಿನಲ್ಲಿ. ಮರುದಿನವೇ ಬೆನ್ನಿನ ಆಪರೇಷನ್. ಒಂದು ವಾರ ಗಾಜಿನ ಆಚೆ ಮಗು, ಈಚೆ ನಾವು. ಮಗುವನ್ನು ಕವುಚಿ ಮಲಗಿಸಿದ್ದರು. ಬ್ಯಾಂಡೇಜ್ ಬಿಚ್ಚಿದ ದಿನ ಅಕ್ಕ ಬೆನ್ನಿನ ಮೇಲಿನ ಹೊಲಿಗೆಯನ್ನು ಬಗ್ಗಿ ತುಂಬ ಹೊತ್ತು ನೋಡಿದಳು. "ಕೈ ಒಳ್ಳೆದುಂಟು ಡಾಕ್ಟ್ರದ್ದು. ಹೊಲಿಗೆ ಒಂದೇ ಸಮ ಬಿದ್ದಿದೆ" ಎಂದಳು. ಅವಳ ವೃತ್ತಿಯಲ್ಲಿ ಅವಳು ಸುಲಭದಲ್ಲಿ ಯಾರನ್ನೂ ಹೊಗಳುವುದಿಲ್ಲ. ಆಮೇಲೆ ಡಾಕ್ಟರು ಮಗುವಿನ ಅಂಗಾಲನ್ನು ಗೀರಿ ನೋಡಿದರು. ಮೊದಲು ಬಲಗಾಲು, ಆಮೇಲೆ ಎಡಗಾಲು. ಮಗು ಆಕಳಿಸಿತು. ಕಾಲು ಇದ್ದ ಹಾಗೆ ಇತ್ತು. ಡಾಕ್ಟರು ಇನ್ನೊಮ್ಮೆ ಗೀರಿದರು. "ಸೊಂಟದಲ್ಲಿ ಸ್ವಲ್ಪ ಬಲ ಉಂಟು. ಮೊಣಕಾಲಿನಿಂದ ಕೆಳಗೆ ಈಗ ಇಲ್ಲ. ವ್ಯಾಯಾಮ ಬಿಡಬೇಡಿ, ಸಂಧಿ ಗಟ್ಟಿಯಾಗಿಬಿಡ್ತದೆ" ಎಂದರು. ಅಕ್ಕ ತಲೆಯಾಡಿಸಿದಳು. ಒದೆತದ ಮಾತನ್ನು ಅವಳು ಮತ್ತೆಂದೂ ಎತ್ತಲಿಲ್ಲ.

ಮಗುವಿಗೆ ನಾಲ್ಕು ತಿಂಗಳಾಗಿದ್ದಾಗ, ನೋಡಲು ಬಂದ ಒಬ್ಬ ದೂರದ ನೆಂಟರು, ತಾಯಿ ಜಾಗ್ರತೆ ಮಾಡಬೇಕಿತ್ತು ಎಂದು ಒಂದು ಮಾತು ಬಿಸಾಡಿ ಹೋದರು. ಅವರಿಗೆ ಚಹಾ ಕೊಟ್ಟದ್ದೇ ದಂಡ. ಅವರು ಗೇಟು ದಾಟುವವರೆಗೆ ತಡೆದುಕೊಂಡಿದ್ದ ಅಕ್ಕ ಅಲ್ಲೇ ಚಾಪೆಯ ಮೇಲೆ ಕುಸಿದು ಕೂತಳು.

"ಹೌದು, ನಾನೇ ಪಾಪಿ" ಎಂದಳು. "ನಾನೇ ಆ ಮಾತ್ರೆ ತಗೊಳ್ಳಲಿಲ್ಲ. ಆದ್ರೆ ನನಗೆ ಗೊತ್ತಿರ್ಲಿಲ್ಲವಲ್ಲ. ನಮ್ಮಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಒಬ್ಬರಾದ್ರೂ ಒಂದು ಮಾತು ಹೇಳಿದ್ರೆ ನಾನು ದಿನಾ ನುಂಗ್ತಿದ್ದೆ."

"ನನಗೆ ಗೊತ್ತಿತ್ತು" ಎಂದೆ.

ಅವಳಿಗೆ ಅರ್ಥವಾಗಲಿಲ್ಲ. "ಎಂತ ಗೊತ್ತಿತ್ತು?"

ಹೇಳಿದೆ. ಭಾವ ರಜೆಯಲ್ಲಿ ಬರುವ ಮೊದಲೇ ಬರೆದದ್ದು, ಆರು ಸಲ ತಿದ್ದಿದ್ದು, ಆ ದಿನ ಪುಟ ತಿರುಗಿಸಿದ್ದು, ಎಲ್ಲ. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಳು, ಕೈಯಲ್ಲಿ ಸೌಟು.

"ಎಲ್ಲಿ, ಓದು" ಎಂದಳು ಅಕ್ಕ.

ಫೋನಿನಲ್ಲಿ ತೆಗೆದು ಓದಿದೆ. ತುಳುವಿನಲ್ಲೂ ಹೇಳಿದೆ. ನಿಧಾನವಾಗಿಯೇ ಹೇಳಿದೆ, ಆದರೂ ಕುಕ್ಕರಿನ ಎರಡು ಸೀಟಿಗಳ ನಡುವೆ ಮುಗಿದುಹೋಯಿತು.

"ಇಷ್ಟೇಯಾ?"

"ಇಷ್ಟೇ."

"ಇಷ್ಟು ಹೇಳ್ಲಿಕ್ಕೆ ನಿನ್ನ ಬಾಯಿಗೆ ಎಂತ ಆಗಿತ್ತು?"

ಅವಳ ಸ್ವರ ಏರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ಅದು ಯಾರಿಗಾದರೂ ಹೇಳುವ ಮಾತು ಎಂದು ನನಗೆ ಅನ್ನಿಸಿಯೇ ಇರಲಿಲ್ಲ ಎಂದೆ. ಹೇಳುವಾಗಲೇ ಅದೆಷ್ಟು ಹೀನವಾಗಿ ಕೇಳಿಸುತ್ತದೆಂದು ಗೊತ್ತಾಯಿತು. ಅಕ್ಕ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆಯಲಿ ಎಂದು ಕಾದೆ.

ಅವಳು ಸೆರಗಿನಿಂದ ಮುಖ ಒರೆಸಿ, ಮಗುವನ್ನು ಎತ್ತಿ ನನ್ನ ಮಡಿಲಿಗೆ ಹಾಕಿದಳು. "ಹಿಡ್ಕೊ. ನನ್ನ ಕೈ ನೋಯ್ತದೆ. ಒಂದೊಂದು ಕಾಲಿಗೆ ಹತ್ತು ಸಲ. ಇನ್ನು ದಿನಾ ನೀನೇ ಮಾಡು."

ನಾನು ಆ ಪುಟ್ಟ ಪಾದವನ್ನು ಹಿಡಿದು ಮೊಣಕಾಲು ಮಡಚಿದೆ, ಚಾಚಿದೆ. ಮಗುವಿಗೆ ಆಟ ಎನಿಸಿತೋ ಏನೋ, ನನ್ನ ಮುಖ ನೋಡಿ ಬೊಚ್ಚು ಬಾಯಿ ಬಿಟ್ಟು ನಕ್ಕಿತು. ಅಕ್ಕ ಗೋಡೆಗೆ ಒರಗಿ ಎಣಿಸುತ್ತಿದ್ದಳು. ಹತ್ತು ಎಂದಾಗ ಕೈ ಬಿಟ್ಟೆ. ಕಾಲು ಮೆಲ್ಲನೆ ಜಾರಿ ನನ್ನ ತೊಡೆಯ ಮೇಲೆ ಬಿತ್ತು, ಬಿದ್ದಲ್ಲೇ ಇತ್ತು. ಮಗು ಇನ್ನೂ ನಗುತ್ತಲೇ ಇತ್ತು.

"ಈಗ ಇನ್ನೊಂದು ಕಾಲು" ಎಂದಳು ಅಕ್ಕ.